ಕಲ್ಲಿದ್ದಲು ಬೂದಿಯಿಂದ ಅಂತರ್ಜಲ ಮಾಲಿನ್ಯ

ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ಹೊರಹಾಕುವ ಬೂದಿಯಲ್ಲಿನ ಲವಣ ಹಾಗೂ ಲೋಹಾಂಶಗಳು ನೀರಿನಲ್ಲಿ ಕರಗಿ, ನೆಲದೊಳಕ್ಕೆ ಇಳಿದು ಬಾವಿ, ಕೊಳವೆಬಾವಿಗಳನ್ನು ಸೇರುವುದನ್ನು ಕಲ್ಲಿದ್ದಲು ಬೂದಿಯಿಂದಾಗುವ ಅಂತರ್ಜಲ ಮಾಲಿನ್ಯ ಎನ್ನುತ್ತಾರೆ. ಕರಾವಳಿ ಕರ್ನಾಟಕದಲ್ಲಿ ಈ ವಿಷಯ ಚರ್ಚೆಗೆ ಬಂದದ್ದು ಉಡುಪಿ ಜಿಲ್ಲೆಯ ಎಲ್ಲೂರು–ನಂದಿಕೂರು ಪರಿಸರದಲ್ಲಿ.

ಸೋರಿಕೆಯ ಬಗೆ

ಕಲ್ಲಿದ್ದಲು ಉರಿದಾಗ ಇಂಗಾಲ ಹೋಗಿ ಖನಿಜಾಂಶ ಉಳಿಯುತ್ತದೆ. ಆದುದರಿಂದ ಆರ್ಸೆನಿಕ್, ಕ್ರೋಮಿಯಂ ಮುಂತಾದವು ಕಲ್ಲಿದ್ದಲಿಗಿಂತ ಬೂದಿಯಲ್ಲಿ ಹೆಚ್ಚು ಸಾಂದ್ರವಾಗಿರುತ್ತವೆ. ನುಣುಪಾದ ಹಾರುಬೂದಿಯನ್ನು ಒಣಗಿದ್ದಾಗಲೇ ಸಂಗ್ರಹಿಸಿದರೆ ಸಿಮೆಂಟಿಗೂ ಇಟ್ಟಿಗೆಗೂ ಬಳಸಬಹುದು. ಉಳಿದ ಬೂದಿಯನ್ನು ನೀರಿನಲ್ಲಿ ಕಲಸಿ ಬೂದಿಹೊಂಡಕ್ಕೆ ಹರಿಸುವುದು ಹಳೆಯ ರೂಢಿ. ಹೊಂಡದ ತಳಕ್ಕೆ ನೀರು ಇಂಗದಂತೆ ಹಾಸು ಹಾಕದಿದ್ದರೆ, ಸ್ಥಾವರ ನಿಂತ ಮೇಲೂ ಪ್ರತಿ ಮಳೆಗಾಲದಲ್ಲಿ ಸೋರಿಕೆ ಮುಂದುವರಿಯುತ್ತದೆ.

ಎಲ್ಲೂರಿನ ಪ್ರಕರಣ

ಭಾರತದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇ. 30ರಿಂದ 45ರಷ್ಟು ಬೂದಿ ಇರುತ್ತದೆ. 1985ರಲ್ಲಿ ಉತ್ಪಾದನೆ ಆರಂಭಿಸಿದ ರಾಯಚೂರಿನ ಶಕ್ತಿನಗರದ ಸ್ಥಾವರ ಇಂಥ ಕಲ್ಲಿದ್ದಲನ್ನೇ ಅವಲಂಬಿಸಿದೆ. ಎಲ್ಲೂರಿನ 1,200 ಮೆಗಾವಾಟ್ ಸ್ಥಾವರವನ್ನಾದರೋ ಕಡಿಮೆ ಬೂದಿಯ ವಿದೇಶಿ ಕಲ್ಲಿದ್ದಲಿಗಾಗಿ ರೂಪಿಸಲಾಗಿದೆ. ಆದರೆ ಅಪಾಯವನ್ನು ಬೂದಿಯ ಪ್ರಮಾಣವಷ್ಟೇ ನಿರ್ಧರಿಸುವುದಿಲ್ಲ. ಹೊಂಡದ ಕೆಳಗಿನ ನೆಲವೂ ಅಷ್ಟೇ ಮುಖ್ಯ. ಕರಾವಳಿಯ ಮುರಕಲ್ಲು ತೂತುತೂತಾದ ಶಿಲೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಸೀಮೆಯಲ್ಲಿ ಆಟಿ ತಿಂಗಳಿಗೆ ಅನೇಕ ತೆರೆದ ಬಾವಿಗಳ ನೀರು ದಂಡೆಯ ಸಮೀಪಕ್ಕೆ ಏರಿರುತ್ತದೆ. ಅಂದರೆ ಹೊಂಡಕ್ಕೂ ಅಂತರ್ಜಲಕ್ಕೂ ನಡುವೆ ಉಳಿಯುವ ಮಣ್ಣು ಅತ್ಯಲ್ಪ.

ಸ್ಥಾವರದ ಮೊದಲ ಘಟಕ 2010ರಲ್ಲಿ ಆರಂಭವಾಯಿತು. ಅದು ಸಮುದ್ರದ ನೀರನ್ನು ಬಳಸುವುದರಿಂದ ಇಲ್ಲಿನ ದೂರಿಗೆ ಬೂದಿಯೊಡನೆ ಉಪ್ಪೂ ಸೇರಿಕೊಂಡಿತು: ಬಾವಿಗಳ ನೀರು ಉಪ್ಪಾಗಿದೆ, ಬೆಳೆಗಳಿಗೆ ಹಾನಿಯಾಗಿದೆ ಎಂದು ಸುತ್ತಲಿನ ನಿವಾಸಿಗಳು ಆಕ್ಷೇಪಿಸಿದರು. ನಂದಿಕೂರು ಜನಜಾಗೃತಿ ಸಮಿತಿ ನಡೆಸಿದ ಕಾನೂನು ಹೋರಾಟದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ 5 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಠೇವಣಿ ಇಡುವಂತೆ ಕಂಪನಿಗೆ ಆದೇಶಿಸಿತು. 2022ರ ಮೇ 31ರಂದು ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರವನ್ನು ನಿಗದಿಪಡಿಸಿತು.

ನೀರಿನ ಪರೀಕ್ಷೆ

ಉಪ್ಪು ನಾಲಗೆಗೆ ತಿಳಿಯುತ್ತದೆ. ಆರ್ಸೆನಿಕ್‌ಗೆ ಬಣ್ಣವೂ ರುಚಿಯೂ ಇಲ್ಲ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಅದರ ಸ್ವೀಕಾರಾರ್ಹ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ಲೋರೈಡಿನದು 250 ಮಿಲಿಗ್ರಾಂ. ಕುದಿಸುವುದರಿಂದ ಇವೆರಡೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಒಳನಾಡಿನಲ್ಲಿ ಬೂದಿಯ ಸೋರಿಕೆಯನ್ನು ಗುರುತಿಸಲು ಬೋರಾನ್ ಉತ್ತಮ ಸುಳಿವು. ಸಮುದ್ರದ ನೀರಿನಲ್ಲಿಯೂ ಬೋರಾನ್ ಇರುವುದರಿಂದ ಕರಾವಳಿಯಲ್ಲಿ ಅದೊಂದನ್ನೇ ನಂಬಲಾಗದು. ಹೊಂಡದ ಮೇಲ್ಭಾಗದ ಹಾಗೂ ತಗ್ಗಿನ ಬಾವಿಗಳ ನೀರನ್ನು ಮಳೆಗಾಲದ ಮೊದಲೂ ಅನಂತರವೂ ಪರೀಕ್ಷಿಸಿ, ಸ್ಥಾವರ ಬರುವ ಮುಂಚಿನ ಮಾಪನಗಳೊಡನೆ ಹೋಲಿಸಬೇಕಾಗುತ್ತದೆ. ಆ ಹಳೆಯ ಮಾಪನಗಳೇ ಇಲ್ಲದ ಕಡೆ ಬಾವಿಯ ಒಡೆಯರು ತಮ್ಮ ನಷ್ಟವನ್ನು ರುಜುವಾತುಪಡಿಸುವುದು ಕಷ್ಟ.