ಮೂಸೆಗೆ ಬೀಳದೆ ಉಳಿದ ಬೆಳ್ಳಿ



ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಬೆಳ್ಳಿಯ ಚಮಚದ ಚಿತ್ರವನ್ನು ಕಳುಹಿಸಿದ್ದ. ಹಳೆಯ ಸಾಮಾನುಗಳ ಸಂತೆಯಲ್ಲಿ ಕೊಂಡದ್ದಂತೆ. ಅದರ ಹಿಡಿಯ ಹಿಂಬದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ನಾಲ್ಕು ಗುರುತುಗಳು: ನಡೆಯುತ್ತಿರುವ ಸಿಂಹ, ಚಿರತೆಯ ಮುಖ, ಒಂಟಿ ಅಕ್ಷರ, ಮತ್ತು ಯಾರದೋ ಹೆಸರಿನ ಮೊದಲಕ್ಷರಗಳು. "ಸಾರ್, ಇಂಗ್ಲೆಂಡಿನ ಇತಿಹಾಸವನ್ನು ನಮಗೆ ಪಾಠ ಮಾಡಿದವರು ನೀವು. ಈ ಸಿಂಹದ ಬಗ್ಗೆ ಹೇಳಿಯೇ ಇರಲಿಲ್ಲ" ಎಂದು ಆಕ್ಷೇಪಣೆಯನ್ನೂ ಬರೆದಿದ್ದ. ಬಾಕಿ ಉಳಿದ ಆ ಪಾಠವನ್ನು ಇಂದು ಮುಗಿಸುತ್ತೇನೆ.

ಪಾಠಕ್ಕೆ ಮುನ್ನ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ಅಕ್ಕನ ಮದುವೆ ಗೊತ್ತಾದಾಗ ನನಗೆ ಹತ್ತೊಂಬತ್ತು ವರ್ಷ. ಹಣ ಸಾಲದೆ ಬಂದಿತ್ತು. ಅಜ್ಜಿಯ ತೌರಿನಿಂದ ಬಂದಿದ್ದ ಒಂದು ತಂಬಿಗೆ, ನಾಲ್ಕು ಲೋಟ, ಒಂದು ಊಟದ ತಟ್ಟೆಯನ್ನು ತಂದೆಯವರು ಹಳೆಯ ಪಂಚೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. ತಂಬಿಗೆಯ ಕಂಠದ ಸುತ್ತ ಬಳ್ಳಿಯೊಂದು ಹಬ್ಬಿತ್ತು. ಅದರ ಒಂದೊಂದು ಎಲೆಯೂ ಬೇರೆ ಬೇರೆ. ಅಂಗಡಿಯವರು ತೂಗಿದರು, ಒರೆಗೆ ಹಚ್ಚಿ ನೋಡಿದರು, ಬೆಲೆ ಹೇಳಿದರು. "ಈ ಕೆಲಸಕ್ಕೆ ಏನೂ ಇಲ್ಲವೆ?" ಎಂದು ಕೇಳಿದೆ. "ಹಳೆಯದಕ್ಕೆ ತೂಕ ಮಾತ್ರ. ಮಜೂರಿ ಲೆಕ್ಕಕ್ಕೆ ಬರುವುದಿಲ್ಲ" ಎಂದರು. ಅವರು ಮೋಸ ಮಾಡಲಿಲ್ಲ; ವ್ಯಾಪಾರದ ಪದ್ಧತಿಯನ್ನೇ ಹೇಳಿದರು. ಆದರೆ ಆ ಬಳ್ಳಿಯನ್ನು ಕೆತ್ತಿದವನು ಯಾರೆಂಬ ಪ್ರಶ್ನೆ ಅಂದು ನನಗೆ ಹೊಳೆಯಲೇ ಇಲ್ಲ. ಇತಿಹಾಸ ಓದಿ ಇತಿಹಾಸವನ್ನೇ ಕಲಿಸಿದವನಿಗೆ ಇದು ಸಣ್ಣ ತಪ್ಪಲ್ಲ.

ಈಗ ಚಮಚದ ಗುರುತುಗಳ ಕಡೆಗೆ ಬರೋಣ. 1300ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಒಂದು ಶಾಸನವನ್ನು ಹೊರಡಿಸಿದ. ಮಾರಾಟದ ಬೆಳ್ಳಿ ಸಾಮಾನು ನಾಣ್ಯದ ಬೆಳ್ಳಿಯಷ್ಟೇ ಶುದ್ಧವಾಗಿರಬೇಕು, ಅದನ್ನು ಪರೀಕ್ಷಿಸಿ ಚಿರತೆಯ ಮುಖದ ಮುದ್ರೆಯನ್ನು ಒತ್ತಬೇಕು ಎಂಬುದು ಅದರ ಸಾರ. 1000 ಭಾಗಗಳಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಇದೇ ಸ್ಟರ್ಲಿಂಗ್ ಬೆಳ್ಳಿ. ಅಪ್ಪಟ ಬೆಳ್ಳಿ ಬಲು ಮೃದು. ದಿನಬಳಕೆಗೆ ತಾಮ್ರದ ಗಟ್ಟಿತನ ಬೇಕು. 1363ರಲ್ಲಿ ಪ್ರತಿಯೊಬ್ಬ ಕುಶಲಕರ್ಮಿಯೂ ತನ್ನದೇ ಗುರುತನ್ನು ಒತ್ತಬೇಕೆಂಬ ಕಟ್ಟಳೆಯಾಯಿತು. 1478ರಲ್ಲಿ ವರ್ಷಕ್ಕೊಂದು ಅಕ್ಷರವೂ ಸೇರಿತು. ಪರೀಕ್ಷೆಯಲ್ಲಿ ಲೋಪವಾದರೆ ಆ ವರ್ಷದ ಪರೀಕ್ಷಕ ಯಾರೆಂದು ಹಿಡಿಯುವುದಕ್ಕಾಗಿ ಈ ಉಪಾಯ. ನಡೆಯುವ ಸಿಂಹ ಬಂದದ್ದು 1544ರಲ್ಲಿ. ಲಂಡನ್ನಿನ ಅಕ್ಕಸಾಲಿಗರ ಸಂಘದ ಹಾಲ್‌ನಲ್ಲಿ ಒತ್ತುತ್ತಿದ್ದ ಮಾರ್ಕ್ ಆದ್ದರಿಂದ ಇದಕ್ಕೆ 'ಹಾಲ್‌ಮಾರ್ಕ್' ಎಂಬ ಹೆಸರು ನಿಂತಿತು. ನಮ್ಮ ದೇಶದಲ್ಲಿ ಚಿನ್ನಕ್ಕೆ 2000ದಲ್ಲಿ, ಬೆಳ್ಳಿಗೆ 2005ರಲ್ಲಿ ಬಂದ ಹಾಲ್‌ಮಾರ್ಕ್ ಪದದ ಮೂಲ ಇದೇ.

ಕೊಳ್ಳುವವನಿಗೆ ಮೋಸವಾಗದಿರಲೆಂದು ಹುಟ್ಟಿದ ಈ ಕಟ್ಟಳೆ, ಯಾರೂ ಉದ್ದೇಶಿಸದ ಮತ್ತೊಂದು ಉಪಕಾರವನ್ನೂ ಮಾಡಿತು. ಮಾಡಿದವನ ಹೆಸರನ್ನು ಅದು ಕಾಪಾಡಿತು. ಹೆಸ್ಟರ್ ಬೇಟ್‌ಮನ್ ಎಂಬ ಮಹಿಳೆ ಪತಿ ತೀರಿಕೊಂಡ ಮರುವರ್ಷ, 1761ರಲ್ಲಿ, ತನ್ನ ಹೆಸರಿನಲ್ಲಿಯೇ ಗುರುತನ್ನು ನೋಂದಾಯಿಸಿ, 1790ರವರೆಗೆ ಮನೆತನದ ಕಾರ್ಯಾಗಾರವನ್ನು ನಡೆಸಿದರು. ಆ ಗುರುತು ಇಲ್ಲದಿದ್ದರೆ ಅವರ ಹೆಸರು ಇಂದು ಯಾರಿಗೆ ತಿಳಿಯುತ್ತಿತ್ತು?

ಹೆಸರಿನ ಹಿಂದಿರುವ ದುಡಿಮೆ ಎಂಥದು ಎಂಬುದನ್ನೂ ತಿಳಿಯಬೇಕು. ಬಟ್ಟಲು ಮಾಡುವವನು ಬೆಳ್ಳಿಯ ತಗಡಿನಿಂದ ಒಂದು ಬಿಲ್ಲೆಯನ್ನು ಕತ್ತರಿಸಿಕೊಳ್ಳುತ್ತಾನೆ. ಗುಳಿ ತೋಡಿದ ಮರದ ದಿಮ್ಮಿಯ ಮೇಲಿಟ್ಟು ಮೊದಲು ತಗ್ಗಿಸುತ್ತಾನೆ. ಬಳಿಕ ಅದನ್ನು ಕಬ್ಬಿಣದ ಗೂಟದ ಮೇಲೆ ಬೋರಲು ಹಾಕಿ, ತಳದಿಂದ ಅಂಚಿನವರೆಗೆ ಸುತ್ತುಸುತ್ತಾಗಿ ಸುತ್ತಿಗೆಯಿಂದ ಬಡಿಯುತ್ತ ಗೋಡೆಯನ್ನು ಎಬ್ಬಿಸುತ್ತಾನೆ. ಬಡಿದಂತೆಲ್ಲ ಬೆಳ್ಳಿ ಬಿಗಿಯುತ್ತದೆ. ಹಾಗೆಯೇ ಮುಂದುವರಿದರೆ ಸೀಳುತ್ತದೆ. ಆದ್ದರಿಂದ ಪ್ರತಿ ಸುತ್ತಿನ ನಂತರ ಮಂದ ಕೆಂಪು ಬಣ್ಣ ಬರುವವರೆಗೆ ಕಾಯಿಸಿ, ತಣಿಸಿ, ಆಮ್ಲದಲ್ಲಿ ಅದ್ದಿ ತೊಳೆದು, ಮತ್ತೆ ಬಡಿಯಬೇಕು. ಕಾವಿನ ಹದವನ್ನು ಕಣ್ಣೇ ಅಳೆಯಬೇಕು. ಸ್ವಲ್ಪ ಹೆಚ್ಚಾದರೆ ದಿನಗಟ್ಟಲೆಯ ಕೆಲಸ ಕರಗಿ ಮುದ್ದೆಯಾಗುತ್ತದೆ. ಕೊನೆಯಲ್ಲಿ ಕನ್ನಡಿಯಂತೆ ನುಣುಪಾದ ಮುಖದ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಮೈಯನ್ನು ಸಮಮಾಡಬೇಕು. ಚಮಚವೂ ಹೀಗೆಯೇ, ಒಂದು ಬೆಳ್ಳಿಯ ಸಲಾಕೆಯನ್ನೇ ಬಡಿದು ಹಿಡಿಯನ್ನೂ ಬಾಯನ್ನೂ ಹಿಗ್ಗಿಸುತ್ತಾರೆ. ಇದನ್ನು ಕಲಿಯಲು ಹುಡುಗರು ಸಾಮಾನ್ಯವಾಗಿ ಏಳು ವರ್ಷ ಗುರುವಿನ ಬಳಿ ಇರಬೇಕಾಗಿತ್ತು.

ಇಷ್ಟೆಲ್ಲ ಶ್ರಮದಿಂದ ಎದ್ದ ಪಾತ್ರೆಗೆ ಹುಟ್ಟಿನಿಂದಲೇ ಒಂದು ಗಂಡಾಂತರ. ಮಣ್ಣಿನ ಮಡಕೆಯನ್ನು ಕರಗಿಸಿ ಹಣ ಮಾಡಲಾಗದು, ಬೆಳ್ಳಿಯನ್ನು ಮಾಡಬಹುದು. 1643ರ ಆರಂಭದಲ್ಲಿ, ಅಂತರ್ಯುದ್ಧದ ವೆಚ್ಚಕ್ಕಾಗಿ, ಆಕ್ಸ್‌ಫರ್ಡಿನ ಕಾಲೇಜುಗಳು ತಮ್ಮ ಬೆಳ್ಳಿ ಪಾತ್ರೆಗಳನ್ನು ಒಂದನೆಯ ಚಾರ್ಲ್ಸ್ ದೊರೆಯ ಟಂಕಸಾಲೆಗೆ ಒಪ್ಪಿಸಿದವು. ತಲೆಮಾರುಗಳ ಕೈಕೆಲಸ ಸೈನಿಕರ ಸಂಬಳವಾಯಿತು. ಕಾರ್ಪಸ್ ಕ್ರಿಸ್ಟಿ ಕಾಲೇಜಿನ ಹಳೆಯ ಸಂಗ್ರಹ ಮಾತ್ರ ಪಾರಾಗಿ ಉಳಿಯಿತು. ಅದರ ಸ್ಥಾಪಕ ಬಿಷಪ್ ರಿಚರ್ಡ್ ಫಾಕ್ಸ್ ಅವರ, ಚಿನ್ನದ ಮೆರುಗಿನ ಬೆಳ್ಳಿಯ ಉಪ್ಪಿನ ಪಾತ್ರೆ ಅದರಲ್ಲಿ ಒಂದು. 1689ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಯುದ್ಧಕ್ಕೆ ಹಣ ಸಾಲದೆ ವರ್ಸೈ ಅರಮನೆಯ ಬೆಳ್ಳಿಯ ಮೇಜು, ಪೀಠ, ದೀಪಸ್ತಂಭಗಳನ್ನು ಕರಗಿಸಲು ಅಪ್ಪಣೆ ಕೊಟ್ಟ. ದೊರೆತದ್ದು ಸುಮಾರು 20 ಟನ್ ಬೆಳ್ಳಿ. ದೊರೆಗಳ ಲೆಕ್ಕವೂ ನಮ್ಮ ಪೇಟೆಯ ಅಂಗಡಿಯ ಲೆಕ್ಕವೂ ಒಂದೇ: ತೂಕ ಮಾತ್ರ.

ಅದೇ 1689ರಲ್ಲಿ ಇನ್ನೊಂದು ಘಟನೆ ನಡೆಯಿತು. ನಾಲ್ಕು ವರ್ಷಗಳ ಹಿಂದೆ ಅದೇ ಲೂಯಿ ದೊರೆ ಪ್ರಾಟೆಸ್ಟಂಟರಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದ್ದ. ಹ್ಯೂಗನಾಟ್ ಎಂದು ಕರೆಯಲ್ಪಡುವ ಆ ಜನ ದೇಶ ಬಿಟ್ಟು ಚದುರಿದರು. ಅವರಲ್ಲಿ ಬೆಳ್ಳಿ ಕೆಲಸಗಾರರೂ ಬಹಳ ಮಂದಿ. ಅಂಥ ಒಂದು ನಿರಾಶ್ರಿತ ಕುಟುಂಬ ಎಳೆಗೂಸನ್ನು ಎತ್ತಿಕೊಂಡು ಲಂಡನ್ನಿಗೆ ಬಂದಿಳಿಯಿತು. ಆ ಮಗುವೇ ಪಾಲ್ ಡಿ ಲಾಮೆರಿ. ಬಾಲಕನಾಗಿ ಹ್ಯೂಗನಾಟ್ ಗುರುವಾದ ಪಿಯರ್ ಪ್ಲಾಟೆಲ್ ಬಳಿ ಕೆಲಸ ಕಲಿತು, 1713ರಲ್ಲಿ ಸ್ವಂತ ಗುರುತನ್ನು ನೋಂದಾಯಿಸಿ, ಇಂಗ್ಲೆಂಡಿನ ಅತಿಶ್ರೇಷ್ಠ ಬೆಳ್ಳಿ ಕುಶಲಕರ್ಮಿಗಳಲ್ಲಿ ಒಬ್ಬನೆನಿಸಿದ. ಅರಸ ತನ್ನ ಬೆಳ್ಳಿಯನ್ನು ಕರಗಿಸಿಕೊಂಡ; ತಾನು ಹೊರದೂಡಿದವರ ಕೈಯಲ್ಲಿದ್ದ ವಿದ್ಯೆಯನ್ನು ಕರಗಿಸಲು ಅವನಿಂದಾಗಲಿಲ್ಲ. ಆ ವಿದ್ಯೆ ಉಳಿದದ್ದು ಕಲಿಸಲು ಒಬ್ಬ ಗುರು, ಕಲಿಯಲು ಒಬ್ಬ ಹುಡುಗ ಇದ್ದುದರಿಂದ.

ಮುಂದೆ ಬಂದ ಸ್ಪರ್ಧಿ ಯಂತ್ರ. ತಾಮ್ರಕ್ಕೆ ಬೆಳ್ಳಿಯನ್ನು ಬೆಸೆದು ತಗಡಾಗಿಸುವ ವಿಧಾನವನ್ನು 1743ರ ಸುಮಾರಿಗೆ ಶೆಫೀಲ್ಡಿನ ಥಾಮಸ್ ಬೋಲ್‌ಸೋವರ್ ಕಂಡುಹಿಡಿದ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ನರು ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮಧ್ಯಮ ವರ್ಗದವರ ಮೇಜಿಗೂ ಬೆಳ್ಳಿಯ ಹೊಳಪು ಬಂದಿತು. ಇದನ್ನು ಹಳಿಯುವುದು ನ್ಯಾಯವಲ್ಲ; ಆದರೆ ಕೈಕೆಲಸದವನ ಅನ್ನಕ್ಕೆ ಕುತ್ತು ಬಂದದ್ದೂ ನಿಜ. 1888ರಲ್ಲಿ ಸಿ. ಆರ್. ಆಶ್‌ಬೀ ಎಂಬ ಆದರ್ಶವಾದಿ ಲಂಡನ್ನಿನ ಬಡವರ ಪೇಟೆಯಲ್ಲಿ ಕುಶಲಕರ್ಮಿಗಳ ಸಂಘವೊಂದನ್ನು ಕಟ್ಟಿ, 1902ರಲ್ಲಿ ಕುಟುಂಬಗಳೂ ಸೇರಿ ಸುಮಾರು 150 ಜನರೊಂದಿಗೆ ಚಿಪ್ಪಿಂಗ್ ಕ್ಯಾಂಪ್‌ಡನ್ ಎಂಬ ಹಳ್ಳಿಪಟ್ಟಣಕ್ಕೆ ಹೋದ. ಅವರ ಬೆಳ್ಳಿ ಬಟ್ಟಲುಗಳ ಮೈಮೇಲೆ ಸುತ್ತಿಗೆಯ ಗುರುತುಗಳನ್ನು ಅಳಿಸದೆ ಬಿಡುತ್ತಿದ್ದರು. ಇತ್ತ ಕಾರ್ಖಾನೆಗಳು ಅಚ್ಚಿನಲ್ಲಿ ಒತ್ತಿದ ಸಾಮಾನಿನ ಮೇಲೂ ಸುಳ್ಳು ಸುತ್ತಿಗೆ ಗುರುತುಗಳನ್ನು ಮೂಡಿಸಿ ಅಗ್ಗವಾಗಿ ಮಾರಿದವು! 1908ರ ಹೊತ್ತಿಗೆ ಸಂಘ ಮುಚ್ಚಿತು.

ನಮ್ಮ ನಾಡಿನವರಿಗೂ ಈ ಕಥೆಗೂ ನಂಟುಂಟು. ಭಾರತೀಯ ಕಲೆಯ ಮಹಾ ವಿದ್ವಾಂಸರಾದ ಆನಂದ ಕುಮಾರಸ್ವಾಮಿಯವರು ಆಗ ಕ್ಯಾಂಪ್‌ಡನ್ನಿನ ಪಕ್ಕದಲ್ಲೇ ವಾಸವಾಗಿದ್ದರು. ಭಾರತದ ಕುಶಲಕರ್ಮಿಗಳನ್ನು ಕುರಿತು 1909ರಲ್ಲಿ ಅವರು ಪ್ರಕಟಿಸಿದ ಪುಸ್ತಕಕ್ಕೆ ಮುನ್ನುಡಿ ಬರೆದವನು ಇದೇ ಆಶ್‌ಬೀ. ಸಂಘ ಮುಚ್ಚಿದರೂ ಅದರ ಸದಸ್ಯ ಜಾರ್ಜ್ ಹಾರ್ಟ್ ಊರು ಬಿಡಲಿಲ್ಲ. ಹಳೆಯ ರೇಷ್ಮೆ ಗಿರಣಿಯ ಮಹಡಿಯಲ್ಲಿ ಸುತ್ತಿಗೆ ಹಿಡಿದು ಕುಳಿತರು. ನೂರು ವರ್ಷ ಕಳೆದ ಮೇಲೂ ಅಲ್ಲಿ ಅವರ ವಂಶದವರು ಬೆಳ್ಳಿ ಬಡಿಯುತ್ತಿದ್ದರು.

ನನ್ನ ವಿದ್ಯಾರ್ಥಿಗೆ ಇಷ್ಟನ್ನು ಬರೆದು ಮುಗಿಸಿದ ಮೇಲೆ ಎದ್ದು ಹೋಗಿ ಬೀರುವಿನಿಂದ ನಮ್ಮ ತಟ್ಟೆಯನ್ನು ತೆಗೆದೆ. ಹೌದು, ತಟ್ಟೆ ಉಳಿದಿದೆ. ಅಂದು ನಾನು ಗಂಟು ಹಿಡಿದು ಹೊರಟಾಗ ತಾಯಿ ಬಾಗಿಲಲ್ಲಿ ತಡೆದು, ಅದೊಂದನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ತಂದೆಯವರು ಏನನ್ನೂ ಹೇಳಲಿಲ್ಲ. ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು ಹೊಡೆಸಿದೆ. ಕಿಟಕಿಯ ಓರೆ ಬೆಳಕಿಗೆ ಹಿಡಿದರೆ ಹಿಂಬದಿಯಲ್ಲಿ ಸುತ್ತಿಗೆಯ ಪೆಟ್ಟುಗಳು ಮೀನಿನ ಪೊರೆಯಂತೆ ಸಾಲಾಗಿ ಕಾಣುತ್ತವೆ. ನಮ್ಮ ಮನೆಗಳ ಪಾತ್ರೆಗಳ ಮೇಲೆ ಕೊಟ್ಟವರ ಹೆಸರಿರುತ್ತದೆ, ಮಾಡಿದವನ ಹೆಸರಿರುವುದಿಲ್ಲ. ಆ ಪೆಟ್ಟುಗಳೇ ಅವನ ರುಜು.

2025ರಲ್ಲಿ ಬೆಳ್ಳಿಯ ಬೆಲೆ ಏರಿದಾಗ ನಮ್ಮ ಬಂಧುಗಳಲ್ಲೇ ಒಬ್ಬರು, "ಅದನ್ನು ಏಕೆ ಸುಮ್ಮನೆ ಇಟ್ಟುಕೊಂಡಿದ್ದೀರಿ ಮಾವ, ಕೊಟ್ಟುಬಿಡಿ" ಎಂದು ಸಲಹೆ ಮಾಡಿದರು. ಕಷ್ಟಕಾಲದಲ್ಲಿ ಕೊಡುವುದು ತಪ್ಪೆಂದು ನಾನು ಹೇಳಲಾರೆ. ತಂಬಿಗೆ ಹೋದುದರಿಂದಲೇ ಅಕ್ಕನ ಮದುವೆ ನಡೆಯಿತು. ಆದರೆ ಕೊಡುವ ಮುನ್ನ ಒಮ್ಮೆ ಮಗುಚಿ ನೋಡಿ. ಅದರ ಚಿತ್ರವನ್ನು ತೆಗೆದಿಡಿ, ಯಾರ ಮನೆಯಿಂದ ಬಂತೆಂದು ಹಿರಿಯರನ್ನು ಕೇಳಿ ಬರೆದಿಡಿ. ನಮ್ಮ ತಟ್ಟೆ ಅಕ್ಕನ ಮೊಮ್ಮಗಳಿಗೆ ಸೇರಬೇಕೆಂದು ನಾನು ಬರೆದಿಟ್ಟಿದ್ದೇನೆ. ಅವಳು ಈ ಪುಟವನ್ನು ಓದುತ್ತಾಳೆ. ಮುಂದಿನ ಸಲ ಊರಿಗೆ ಬಂದಾಗ ಅದರಲ್ಲಿಯೇ ಊಟ ಬಡಿಸುತ್ತೇವೆ, ಮಗು. ಬೀರುವಿನಲ್ಲಿ ಇಟ್ಟು ಸಾಕಾಗಿದೆ.