ಮೃಗರಾಜನ ಸೀಮೆ ಯಾರ ಪಾಲಿಗೆ?

ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನಿಗೆ ಸಿಂಹಗಳ ಕುರಿತು ಬರೆಯಲು ಯಾವ ಅಧಿಕಾರವಿದೆ ಎಂದು ಓದುಗರು ಕೇಳಿದರೆ ತಪ್ಪಿಲ್ಲ. ಅಧಿಕಾರವೇನೂ ಇಲ್ಲ. ಆದರೆ ತೀರಿಸದೆ ಉಳಿದ ಹಳೆಯ ಬಾಕಿಯೊಂದಿದೆ. ಉಡುಪಿ ಸೀಮೆಯ ಹಳ್ಳಿಯೊಂದರ ಶಾಲೆಯಲ್ಲಿ ಎಂಟನೆಯ ತರಗತಿಗೆ ಅಶೋಕನ ಸಾರನಾಥದ ಸ್ತಂಭದ ಪಾಠ ನಡೆದಿತ್ತು. ಸಿಂಹವೇ ಏಕೆ ರಾಜಲಾಂಛನವಾಯಿತು ಎಂಬುದನ್ನು ವಿವರಿಸುತ್ತ, ಮೃಗರಾಜ, ಕೇಸರಿ, ಸಿಂಹಾಸನ ಎಂದೆಲ್ಲ ಹೇಳಿ ನಾನೇ ಹಿಗ್ಗಿದ್ದ ಹೊತ್ತಿನಲ್ಲಿ, ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಸಿಂಹ ರಾಜನಾದರೆ ಅವನ ನಂತರ ರಾಜ್ಯ ಯಾರಿಗೆ? ಮಗನಿಗೋ, ಅಳಿಯನಿಗೋ?"

ತರಗತಿ ಗೊಳ್ಳೆಂದು ನಕ್ಕಿತು. ನಮ್ಮ ಕರಾವಳಿಯವರಲ್ಲದ ಓದುಗರಿಗೆ ಈ ಪ್ರಶ್ನೆ ವಿಚಿತ್ರವೆನಿಸಬಹುದು. ಇಲ್ಲಿ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ನಡೆದುಬಂದಿತ್ತು. ಆಸ್ತಿ ತಾಯಿಯ ಸಂತತಿಯಲ್ಲಿ ಇಳಿಯುತ್ತಿತ್ತು. ಯಜಮಾನಿಕೆ ಮಾಮನಿಂದ ಅಳಿಯನಿಗೆ, ಎಂದರೆ ಅಕ್ಕತಂಗಿಯರ ಮಗನಿಗೆ, ಬರುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಕಟ್ಟು ಸಡಿಲವಾದರೂ ಮಾತು ಮನೆಮನೆಯಲ್ಲಿ ಉಳಿದಿತ್ತು. ಆ ಹುಡುಗಿ ತನ್ನ ಅಜ್ಜಿಯ ಮನೆಯ ಜಗಲಿಯಲ್ಲಿ ಕೇಳಿದ್ದನ್ನೇ ಕೇಳಿದಳು. ನಾನು ಮಾತ್ರ ಏನೂ ತಿಳಿಯದೆ, "ಮಗನಿಗೇ, ಮತ್ತಾರಿಗೆ? ಕುಳಿತುಕೋ" ಎಂದು ಪಾಠ ಮುಂದುವರಿಸಿದೆ. ನಿವೃತ್ತಿಯ ನಂತರ ಪುಸ್ತಕಗಳನ್ನು ತಿರುವಿಹಾಕುವಾಗ, ನಾನು ಕೊಟ್ಟ ಉತ್ತರ ಪೂರ್ತಿ ತಪ್ಪೆಂದೂ ಅವಳ ಪ್ರಶ್ನೆ ಎಷ್ಟೋ ಪಂಡಿತರಿಗಿಂತ ಗುರಿಗೆ ಹತ್ತಿರವಿತ್ತೆಂದೂ ತಿಳಿಯಿತು.

ಸಿಂಹದ ನಿಜವಾದ ಸಮಾಜಜೀವನ ಮನುಷ್ಯನಿಗೆ ತಿಳಿದದ್ದು ತೀರ ಈಚೆಗೆ. ಸಾವಿರಾರು ವರ್ಷ ಅದನ್ನು ಕೆತ್ತಿದೆವು, ಹಾಡಿದೆವು, ಬೇಟೆಯಾಡಿದೆವು, ಕುಳಿತು ನೋಡಲಿಲ್ಲ. 1966ರಲ್ಲಿ ಜಾರ್ಜ್ ಷಾಲರ್ ಎಂಬ ವಿಜ್ಞಾನಿ ಟಾಂಜಾನಿಯಾದ ಸೆರೆಂಗೆಟಿ ಬಯಲಿಗೆ ಹೆಂಡತಿ ಮಕ್ಕಳೊಂದಿಗೆ ಬಂದು ನೆಲೆಸಿದರು. ಅದಕ್ಕೆ ಮೊದಲು ನಮ್ಮ ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿ ಮತ್ತು ಜಿಂಕೆಗಳನ್ನು ಅಭ್ಯಸಿಸಿದವರು ಅವರು. ಮೂರು ವರ್ಷಗಳ ಫಲವಾಗಿ 1972ರಲ್ಲಿ ಅವರ ಸಿಂಹಗ್ರಂಥ ಹೊರಬಂತು. ಅವರ ನಂತರ ಬ್ರಯನ್ ಬರ್ಟ್ರಾಂ, ಆಮೇಲೆ ಡೇವಿಡ್ ಬೈಗಾಟ್ ಮತ್ತು ಜೆನೆಟ್ ಹ್ಯಾನ್‌ಬಿ ದಂಪತಿ, 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಆ್ಯನ್ ಪ್ಯುಸಿ ಅದೇ ಸಿಂಹಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನು ಹಿಂಬಾಲಿಸಿದರು. ಸಿಂಹದ ಮೀಸೆಯ ಬುಡದಲ್ಲಿರುವ ಚುಕ್ಕೆಗಳ ವಿನ್ಯಾಸ ಒಂದರದ್ದು ಇನ್ನೊಂದಕ್ಕೆ ಹೋಲುವುದಿಲ್ಲ. ಅದನ್ನು ಗುರುತು ಹಾಕಿಕೊಂಡು, ನಾವು ಶಾಲೆಯಲ್ಲಿ ಹಾಜರಿ ಪುಸ್ತಕ ಇಡುವಂತೆ, ಪ್ರತಿಯೊಂದು ಸಿಂಹಕ್ಕೂ ಒಂದು ಚೀಟಿ ಇಟ್ಟರು. ಹುಟ್ಟು, ತಾಯಿ, ಗಾಯ, ವಲಸೆ, ಸಾವು ಎಲ್ಲ ದಾಖಲಾಯಿತು. ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ದಫ್ತರ ಇನ್ನಾವುದು? ಎಷ್ಟು ರಾಜವಂಶಗಳಿಗೆ ಇಷ್ಟು ನಂಬಲರ್ಹವಾದ ವಂಶಾವಳಿ ಇದೆ ಹೇಳಿ.

ಈ ದಫ್ತರ ಹೇಳಿದ ಮೊದಲ ಸಂಗತಿ, ಸಿಂಹದ ಹಿಂಡೆಂದರೆ ಹೆಣ್ಣುಗಳ ಕುಟುಂಬ ಎಂಬುದು. ಅಜ್ಜಿ, ತಾಯಿ, ಚಿಕ್ಕಮ್ಮಂದಿರು, ಅಕ್ಕತಂಗಿಯರು, ಅವರ ಮರಿಗಳು. ಹೊರಗಿನ ಹೆಣ್ಣಿಗೆ ಅಲ್ಲಿ ಪ್ರವೇಶವಿಲ್ಲವೆಂದೇ ಹೇಳಬೇಕು. ಕೆಲವು ಹತ್ತು ಚದರ ಕಿಲೋಮೀಟರಿನಿಂದ ಕೆಲವು ನೂರು ಚದರ ಕಿಲೋಮೀಟರಿನವರೆಗೆ ಹರಡಿದ ಸೀಮೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುತ್ತದೆ. ಹಿಂಡು ದೊಡ್ಡದಾದಾಗ ಕೆಲವು ಹೆಣ್ಣುಮಕ್ಕಳು ಬೇರೆಯಾಗುತ್ತಾರೆ. ಆದರೆ ಬಹಳ ದೂರ ಹೋಗದೆ ತವರಿನ ಪಕ್ಕದಲ್ಲೇ ಹೊಸ ಸೀಮೆ ಕಟ್ಟಿಕೊಳ್ಳುತ್ತಾರೆ. ಮಗನಿಗೆ ಮಾತ್ರ ಹುಟ್ಟಿದ ನೆಲದಲ್ಲಿ ಪಾಲಿಲ್ಲ. ಎರಡು ಮೂರು ವರ್ಷವಾಗುತ್ತಲೇ ಅವನು ಹೊರಬೀಳಬೇಕು.

ಹೊರಬಿದ್ದ ಅಣ್ಣತಮ್ಮಂದಿರು, ದಾಯಾದಿಗಳು ಜೊತೆಗೂಡಿ ಅಲೆಯುತ್ತಾರೆ. ಒಂಟಿಯಾದವನು ದಾರಿಯಲ್ಲಿ ಸಿಕ್ಕ ಇನ್ನೊಬ್ಬ ಒಂಟಿಯ ಸ್ನೇಹ ಬೆಳೆಸುತ್ತಾನೆ. ಈ ಗಂಡುಗಳ ಕೂಟ ಮೈ ತುಂಬಿಕೊಂಡ ಮೇಲೆ, ಬೇರೆ ಕೂಟವೊಂದು ಕಾಯುತ್ತಿರುವ ಹಿಂಡಿನ ಮೇಲೆ ಏರಿಹೋಗುತ್ತದೆ. ಗೆದ್ದರೆ ಅಧಿಕಾರ. ಆದರೆ ಎಷ್ಟು ಕಾಲ? ಸರಾಸರಿ ಎರಡು ಮೂರು ವರ್ಷ. ದೊಡ್ಡ ಕೂಟವಾದರೆ ಇನ್ನಷ್ಟು. ಇಬ್ಬರೇ ಆದರೆ ಕೆಲವೊಮ್ಮೆ ಅಷ್ಟೂ ಇಲ್ಲ. ಕೂಟ ದೊಡ್ಡದಾದಷ್ಟೂ ಒಬ್ಬೊಬ್ಬ ಗಂಡಿನ ಸಂತಾನಭಾಗ್ಯವೂ ಹೆಚ್ಚುತ್ತದೆ ಎಂದು ಬೈಗಾಟ್, ಬರ್ಟ್ರಾಂ, ಹ್ಯಾನ್‌ಬಿ 1979ರಲ್ಲಿ ತೋರಿಸಿದರು. ಇದಕ್ಕೊಂದು ಕೊಸರು ಸೇರಿದ್ದು 1991ರಲ್ಲಿ, ಡಿಎನ್‌ಎ ಪರೀಕ್ಷೆ ಬಂದ ಮೇಲೆ. ದೊಡ್ಡ ಕೂಟದಲ್ಲಿ ತಂದೆಯಾಗುವ ಭಾಗ್ಯ ಎಲ್ಲರಿಗೂ ಸಮನಾಗಿ ಸಿಗದು, ಕೆಲವರಿಗೆ ಏನೂ ದಕ್ಕದು. ಆದ್ದರಿಂದಲೇ ನಾಲ್ಕಕ್ಕಿಂತ ಹೆಚ್ಚಿನ ಕೂಟಗಳಲ್ಲಿ ಇರುವವರೆಲ್ಲ ರಕ್ತಸಂಬಂಧಿಗಳು. ತನಗೆ ಮಕ್ಕಳಿಲ್ಲದಿದ್ದರೂ ಅಣ್ಣನ ಮಕ್ಕಳಿದ್ದಾರೆ ಎಂಬ ಲೆಕ್ಕ. ಪರರೊಂದಿಗೆ ಸ್ನೇಹವೇನಿದ್ದರೂ ಇಬ್ಬರು ಮೂವರ ಕೂಟಕ್ಕೆ ಸೀಮಿತ.

ಇನ್ನು ಹೇಳಲು ಕಷ್ಟವಾದ ಭಾಗಕ್ಕೆ ಬರುತ್ತೇನೆ. ಹೊಸ ಗಂಡುಗಳು ಬಂದ ಬೆನ್ನಿಗೇ ಹಿಂಡಿನ ಎಳೆಮರಿಗಳು ಸಾಯುತ್ತವೆ. ಬಂದವರೇ ಕೊಲ್ಲುತ್ತಾರೆ. ಷಾಲರ್ ಇಂಥ ಘಟನೆಗಳನ್ನು ದಾಖಲಿಸಿದ್ದರು. ಬರ್ಟ್ರಾಂ 1975ರಲ್ಲಿ ಅದರ ಹಿಂದಿನ ಲೆಕ್ಕವನ್ನು ಬಿಡಿಸಿದರು. ಮರಿಗಳಿರುವ ಸಿಂಹಿಣಿ ಅವು ದೊಡ್ಡವಾಗುವವರೆಗೆ, ಸುಮಾರು ಎರಡು ವರ್ಷ, ಮತ್ತೆ ಬೆದೆಗೆ ಬರುವುದಿಲ್ಲ. ಗಂಡಿನ ಅಧಿಕಾರವೇ ಎರಡು ಮೂರು ವರ್ಷದ್ದು. ಹಿಂದಿನವನ ಮಕ್ಕಳು ಬೆಳೆಯುವವರೆಗೆ ಕಾದರೆ ತನ್ನ ಸರದಿಯೇ ಮುಗಿಯುತ್ತದೆ. ಮರಿ ಸತ್ತ ತಾಯಿ ಕೆಲವೇ ದಿನ, ವಾರಗಳಲ್ಲಿ ಬೆದೆಗೆ ಬರುತ್ತಾಳೆ. ಆದರೂ ಅವಳು ಕೂಡಲೇ ಗರ್ಭ ಧರಿಸುವುದಿಲ್ಲ. ಹಲವು ತಿಂಗಳು ಹಾಗೆಯೇ ಕಳೆಯುತ್ತವೆ. ಬಂದವರು ನಿಲ್ಲುವವರೋ ಓಡುವವರೋ ಎಂದು ನೋಡಿಕೊಳ್ಳಲು ಅದು ಅವಳಿಗೆ ಸಿಗುವ ಕಾಲಾವಕಾಶ ಎಂದು ಪ್ಯಾಕರ್ ಮತ್ತು ಪ್ಯುಸಿ ಊಹಿಸಿದರು.

ಈ ಶಿಶುಹತ್ಯೆಯ ಚರ್ಚೆ ಹುಟ್ಟಿದ್ದು ಆಫ್ರಿಕದಲ್ಲಲ್ಲ, ನಮ್ಮ ಧಾರವಾಡದಲ್ಲಿ ಎಂಬುದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಜಪಾನಿನ ಯುಕಿಮಾರು ಸುಗಿಯಾಮಾ 1960ರ ದಶಕದ ಆರಂಭದಲ್ಲಿ ಧಾರವಾಡದ ಪಡುವಣ ಕಾಡಿನಲ್ಲಿ ಮುಸುವಗಳನ್ನು ಗಮನಿಸುತ್ತಿದ್ದರು. ಹೊರಗಿನ ಗಂಡುಗಳ ಗುಂಪೊಂದು ಹಿಂಡಿನ ಮೇಲೆ ಬಿದ್ದು ಹಳೆಯ ಯಜಮಾನನನ್ನು ಓಡಿಸಿತು. ಗೆದ್ದ ಗಂಡು ಮರಿಗಳನ್ನು ಕಚ್ಚಿ ಕೊಂದಿತು. 1965ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ನಂಬಿದವರು ಕಡಿಮೆ. ಎಲ್ಲೋ ರೋಗ, ಇಲ್ಲವೆ ದಟ್ಟಣೆಯ ವಿಕಾರ ಎಂದು ತಳ್ಳಿಹಾಕಿದರು. ಅಮೆರಿಕದ ಸಾರಾ ಹರ್ಡಿ ದಟ್ಟಣೆಯೇ ಕಾರಣವಿರಬಹುದೆಂದು ಪರೀಕ್ಷಿಸಲು 1971ರಲ್ಲಿ ರಾಜಸ್ಥಾನದ ಅಬು ಪರ್ವತಕ್ಕೆ ಬಂದು, ಅದು ಕಾರಣವಲ್ಲ, ಗಂಡಿನ ಸಂತಾನದ ಲೆಕ್ಕವೇ ಕಾರಣ ಎಂಬ ನಿರ್ಣಯಕ್ಕೆ ತಲಪಿದರು. ಸೆರೆಂಗೆಟಿಯ ಸಿಂಹಗಳ ದಾಖಲೆ ಅದಕ್ಕೆ ದೊಡ್ಡ ಬೆಂಬಲವಾಯಿತು. 1970ರ ದಶಕದಲ್ಲಿ ಎಂ.ಎ. ಓದಲು ನಾನು ಎರಡು ವರ್ಷ ಧಾರವಾಡದಲ್ಲಿದ್ದೆ. ಕಿಟಕಿಯಲ್ಲಿಟ್ಟ ಬಾಳೆಹಣ್ಣನ್ನು ಮುಸುವ ಎತ್ತಿಕೊಂಡು ಹೋದಾಗ ಬೈದದ್ದು ಬಿಟ್ಟರೆ ಅವುಗಳತ್ತ ನೋಡಿದವನೇ ಅಲ್ಲ. ಚಾಲುಕ್ಯರ ಉತ್ತರಾಧಿಕಾರದ ಕಲಹಗಳನ್ನು ಬಾಯಿಪಾಠ ಮಾಡುತ್ತ ಕುಳಿತಿದ್ದೆ!

ಹಾಗಾದರೆ ತಾಯಂದಿರು ಸುಮ್ಮನಿರುತ್ತಾರೆಯೇ? ಇಲ್ಲ. ಹೆಣ್ಣುಗಳು ಒಟ್ಟಿಗೇ ಹೆತ್ತು, ಮರಿಗಳನ್ನು ಒಂದೇ ಕಡೆ ಸೇರಿಸಿ ಸಾಕುವುದು ಬೇಟೆಯ ಅನುಕೂಲಕ್ಕೆಂದು ಹಿಂದೆ ಭಾವಿಸಿದ್ದರು. ಪ್ಯಾಕರ್ ತಂಡ ನೋಡಿದಂತೆ, ಅದರ ಮುಖ್ಯ ಪ್ರಯೋಜನ ಹೊರಗಿನ ಗಂಡುಗಳನ್ನು ಒಟ್ಟಾಗಿ ಎದುರಿಸುವುದು, ನೆರೆಯ ಹಿಂಡಿನಿಂದ ನೆಲ ಕಾಯುವುದು. ಒಂಟಿ ತಾಯಿಯ ಮರಿಗಳು ಉಳಿಯುವುದು ಅಪರೂಪ. ನೆಲವೂ ಎಲ್ಲೆಡೆ ಒಂದೇ ಬೆಲೆಯದಲ್ಲ. ಎರಡು ತೊರೆಗಳು ಕೂಡುವ ಜಾಗದಲ್ಲಿ ಬೇಸಗೆಯಲ್ಲೂ ನೀರಿರುತ್ತದೆ, ಅಡಗಲು ಪೊದೆ ಇರುತ್ತದೆ, ಬೇಟೆ ತಾನಾಗಿ ಬಂದು ಸೇರುತ್ತದೆ. ಅನ್ನಾ ಮೋಸರ್ ಮತ್ತು ಪ್ಯಾಕರ್ ದಶಕಗಳ ದಾಖಲೆ ಜಾಲಾಡಿ 2009ರಲ್ಲಿ ತೋರಿಸಿದ್ದು ಇದನ್ನೇ: ದೊಡ್ಡ ಹಿಂಡುಗಳು ಇಂಥ ಸಂಗಮಸ್ಥಾನಗಳನ್ನು ಹಿಡಿದಿರುತ್ತವೆ, ಅಲ್ಲಿ ಮರಿಗಳು ಹೆಚ್ಚು ಬದುಕುತ್ತವೆ. ನಮ್ಮಲ್ಲಿ ಬೈಲುಗದ್ದೆಗೂ ಗುಡ್ಡದ ಜಾಗಕ್ಕೂ ಇರುವ ಅಂತರವೇ ಇದು. ಗಂಡುಗಳದ್ದು ಅಲ್ಲಿ ಕೆಲಸವೇ ಇಲ್ಲವೆಂದಲ್ಲ. ಅವು ನೆರೆಹಿಂಡಿನ ಹೆಣ್ಣುಗಳ ಮೇಲೂ ಎರಗಿ, ಕೆಲವೊಮ್ಮೆ ಕೊಂದು, ತಮ್ಮ ಹಿಂಡಿನ ಕೈ ಮೇಲಾಗಿಸುತ್ತವೆ.

ಗರ್ಜನೆಯ ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ಸಿಂಹದ ಗರ್ಜನೆ ಕೆಲವು ಕಿಲೋಮೀಟರು ದೂರ ಕೇಳುತ್ತದೆ. ಬೇಲಿ, ಗಡಿಕಲ್ಲು, ಖಾತೆಪತ್ರ ಎಲ್ಲವೂ ಅದೇ. ಕ್ಯಾರೆನ್ ಮೆಕ್‌ಕಾಂಬ್, ಪ್ಯಾಕರ್ ಮತ್ತು ಪ್ಯುಸಿ ಅಪರಿಚಿತ ಸಿಂಹಿಣಿಯರ ಗರ್ಜನೆಯನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು. ಒಂದೇ ದನಿ ಕೇಳಿದರೆ ಹಿಂಡಿನ ಹೆಣ್ಣುಗಳು ಧೈರ್ಯದಿಂದ ಮುನ್ನುಗ್ಗುತ್ತಿದ್ದವು. ಮೂರು ದನಿ ಕೇಳಿದರೆ ತಾವೆಷ್ಟು ಮಂದಿ ಎಂದು ತೂಗಿ ನೋಡಿ ಹೆಜ್ಜೆಯಿಡುತ್ತಿದ್ದವು, ಇಲ್ಲವೆ ದೂರದ ಸಂಗಾತಿಗಳನ್ನು ಕರೆಯುತ್ತಿದ್ದವು. 1994ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ರಾಬರ್ಟ್ ಹೈನ್‌ಸನ್ ಮತ್ತು ಪ್ಯಾಕರ್ ಇನ್ನೊಂದನ್ನು ಕಂಡರು. ಹಿಂಡಿನಲ್ಲಿ ಕೆಲವರು ಯಾವಾಗಲೂ ಮುಂದೆ, ಕೆಲವರು ಯಾವಾಗಲೂ ಹಿಂದೆ. ಮುಂದಿರುವವಳು ತಿರುಗಿ ತಿರುಗಿ ನೋಡುತ್ತಾಳೆ, ಹಿಂದುಳಿದವಳು ಯಾರೆಂದು ಅವಳಿಗೆ ಗೊತ್ತು. ಆದರೂ ಶಿಕ್ಷೆಯಿಲ್ಲ, ಮತ್ತೆ ಮುಂದೆ ತಾನೇ ಹೋಗುತ್ತಾಳೆ. ಶಾಲಾ ವಾರ್ಷಿಕೋತ್ಸವದ ಸಿದ್ಧತೆಯಲ್ಲಿ ಸಹೋದ್ಯೋಗಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಂಡುಕೂಟದ ಏಳುಬೀಳಿಗೆ ಒಂದು ರಾಜವಂಶದ ಕಥೆಯಷ್ಟೇ ನಾಟಕೀಯವಾದ ಉದಾಹರಣೆ ದಕ್ಷಿಣ ಆಫ್ರಿಕದ ಸಾಬಿ ಸ್ಯಾಂಡ್ ಮೀಸಲು ಕಾಡಿನದು. ಇದು ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡಿದೆ. ಅಲ್ಲಿ 2006ರ ಸುಮಾರಿಗೆ ಆರು ಗಂಡುಸಿಂಹಗಳ ಕೂಟವೊಂದು ತಲೆಯೆತ್ತಿತು. ಮಪೋಗೊ ಎಂಬುದು ಅವಕ್ಕೆ ಬಿದ್ದ ಹೆಸರು. ಹಿರಿಯವನು ಮಕುಲು. ಆರು ಗಂಡುಗಳು ಒಟ್ಟಿಗೆ ನಿಂತರೆ ಎದುರು ನಿಲ್ಲುವವರು ಯಾರು? ಒಂದಾದ ಮೇಲೊಂದು ಹಿಂಡು ಅವುಗಳ ವಶವಾಯಿತು. ಸತ್ತ ಮರಿಗಳು, ಗಂಡುಗಳು, ಹೆಣ್ಣುಗಳು ಲೆಕ್ಕಕ್ಕೆ ಸಿಗದಷ್ಟು. ಸೀಮೆ ಬೆಳೆದಂತೆ ಕೂಟ ಒಡೆಯಿತು. ನಾಲ್ವರು ಪಶ್ಚಿಮದಲ್ಲಿ ಉಳಿದರು, ಕಿಂಕಿ ಟೇಲ್ ಮತ್ತು ಮಿಸ್ಟರ್ ಟಿ ಎಂಬಿಬ್ಬರು ಬೇರೆ ಹಿಂಡು ಹಿಡಿದು ಹೊರಟರು. 2010ರ ಜೂನ್‌ನಲ್ಲಿ ಮಜಿಂಗಿಲಾನೆ ಎಂಬ ಐದು ಗಂಡುಗಳ ಹೊಸ ಕೂಟ ಆ ಇಬ್ಬರಿಗೆ ಎದುರಾಯಿತು. ಇಬ್ಬರೂ ಸೇರಿ ಐವರಲ್ಲಿ ಒಬ್ಬನನ್ನು ಕೊಂದರು. ಉಳಿದ ನಾಲ್ವರು ಹಿಂದಿರುಗಿ ಬಂದು ಕಿಂಕಿ ಟೇಲ್‌ನನ್ನು ಮುಗಿಸಿದರು. ಮಿಸ್ಟರ್ ಟಿ ಓಡಿ ಹಳೆಯ ಅಣ್ಣತಮ್ಮಂದಿರನ್ನು ಸೇರಿಕೊಂಡ. 2012ರ ಮಾರ್ಚ್‌ನಲ್ಲಿ ಮತ್ತೊಂದು ಕೂಟ ಅವನನ್ನೂ ಕೊಂದಿತು. ಆ ನಂತರ ಮಕುಲು ಮತ್ತು ಪ್ರೆಟಿ ಬಾಯ್ ಎಂಬಿಬ್ಬರು ಮುದುಕರು ಜೊತೆಯಾಗಿ ಅಲೆಯುತ್ತ ಕೊನೆಗೆ ಕಾಣದಾದರು. ಹೀಗೆ ಆರು ಏಳು ವರ್ಷಗಳಲ್ಲಿ ಎಲ್ಲವೂ ಮುಗಿಯಿತು. ಅವರ ಹೆಸರಿನ ಸುತ್ತ ಚಲನಚಿತ್ರಗಳು ಬಂದಿವೆ. ಆ ವರ್ಷಗಳನ್ನೆಲ್ಲ ದಾಟಿ ಅದೇ ತೊರೆಯ ದಡದಲ್ಲಿ ಮರಿ ಹಾಕಿದ ಸಿಂಹಿಣಿಯರ ಹೆಸರು ಎಷ್ಟು ಜನರಿಗೆ ಗೊತ್ತು? ನಾವು ಇತಿಹಾಸ ಬರೆಯುವ ರೀತಿಯೇ ಹೀಗೆ. ನಾನು ಬೋಧಿಸಿದ್ದೂ ಹೀಗೆಯೇ.

ನಮ್ಮ ಗುಜರಾತಿನ ಗಿರ್ ಕಾಡಿನ ರೀತಿ ಸ್ವಲ್ಪ ಬೇರೆ. ಅಳಿವಿನ ಅಂಚಿನಿಂದ ಮರಳಿ ಬಂದ ಈ ಸಿಂಹಗಳು 2020ರ ಎಣಿಕೆಯಲ್ಲಿ 674, 2025ರ ಎಣಿಕೆಯಲ್ಲಿ 891 ಇದ್ದವು. ಇಲ್ಲಿನ ಬೇಟೆ ಹೆಚ್ಚಾಗಿ ಚುಕ್ಕೆಜಿಂಕೆಯಂಥ ಸಣ್ಣ ಪ್ರಾಣಿ. ದೊಡ್ಡ ಸಂಸಾರಕ್ಕೆ ಸಾಲದು. ಆದ್ದರಿಂದ ಹೆಣ್ಣುಗಳ ಗುಂಪು ಬೇರೆ, ಗಂಡುಗಳ ಕೂಟ ಬೇರೆ; ಕೂಡುವುದು ಬೆದೆಗೆ, ಇಲ್ಲವೆ ದೊಡ್ಡ ಬೇಟೆಯ ಬಳಿ. ಸ್ತೋತ್ರ ಚಕ್ರವರ್ತಿ ಮತ್ತು ಯಾದವೇಂದ್ರದೇವ ಝಾಲಾ ಅವರು ವರ್ಷಗಳ ಕಾಲ ಗಮನಿಸಿ 2019ರಲ್ಲಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಒಂದು ಹೆಣ್ಣುಗುಂಪಿನ ಸೀಮೆ ಒಂದಕ್ಕಿಂತ ಹೆಚ್ಚು ಗಂಡುಕೂಟಗಳ ಸೀಮೆಗಳಿಗೆ ಚಾಚಿಕೊಂಡಿರುತ್ತದೆ. ಸಿಂಹಿಣಿ ಆ ಎಲ್ಲ ಕೂಟಗಳ ಗಂಡುಗಳೊಂದಿಗೂ ಕೂಡುತ್ತಾಳೆ. ಹುಟ್ಟುವ ಮರಿ ಯಾರದೆಂದು ಯಾವ ಗಂಡಿಗೂ ಖಚಿತವಿಲ್ಲ. ತನ್ನದೇ ಇರಬಹುದಾದ್ದನ್ನು ಕೊಲ್ಲುವುದು ಹೇಗೆ? ಮರಿಗಳು ಉಳಿಯುತ್ತವೆ.

ನಮ್ಮ ಅಳಿಯಸಂತಾನಕ್ಕೂ ಇದಕ್ಕೂ ಹೋಲಿಕೆಯನ್ನು ಬಹಳ ಎಳೆಯಬಾರದು. ಅಲ್ಲಿ ಅಳಿಯನಿಗಾದರೂ ಯಜಮಾನಿಕೆ ಇತ್ತು, ತಾಯಿಮನೆಯ ಅನ್ನವಿತ್ತು. ಸಿಂಹಗಳಲ್ಲಿ ಮಗನಿಗೂ ಇಲ್ಲ, ಅಳಿಯನಿಗೂ ಇಲ್ಲ, ಮಗಳಿಗೆ.

ಕೆಲವು ವರ್ಷಗಳ ಹಿಂದೆ ಮದುವೆಯೊಂದರ ಪಂಕ್ತಿಯಲ್ಲಿ ಆ ಹುಡುಗಿ ಸಿಕ್ಕಿದಳು. ಹುಡುಗಿಯೆಂದರೆ ಈಗ ಮೊಮ್ಮಗುವಿನ ಕೈ ಹಿಡಿದ ಅಜ್ಜಿ. ನಾನು ಆ ದಿನದ ಪಾಠವನ್ನು ನೆನಪಿಸಿ, ತಪ್ಪು ಹೇಳಿದ್ದೆನೆಂದು ಒಪ್ಪಿಕೊಂಡು, ಸರಿಯಾದ ಉತ್ತರವನ್ನು ಪಾಯಸ ಆರುವಷ್ಟು ಹೊತ್ತು ವಿವರಿಸಿದೆ. ಅವಳಿಗೆ ಆ ಪ್ರಶ್ನೆಯ ನೆನಪೇ ಇರಲಿಲ್ಲ. "ಹಾಗಾದರೆ ಆ ಮಗಂದಿರು ಎಲ್ಲಿಗೆ ಹೋಗುತ್ತಾರೆ ಸರ್, ಪಾಪ?" ಎಂದು ಕೇಳಿದಳು. ಮಪೋಗೊಗಳ ಕಥೆಯನ್ನು ಆರಂಭಿಸುವಷ್ಟರಲ್ಲಿ ಮೊಮ್ಮಗು ಕೈ ಬಿಡಿಸಿಕೊಂಡು ಓಡಿತು, ಅವಳೂ ಅದರ ಹಿಂದೆ ಹೋದಳು.