ಎಂಎಕ್ಸ್ ಅನ್ನುವ ಸಾಲಿನ ಹಿಂದಿನ ಕಥೆ

ಬ್ಲಾಗಿಗೆ ಸ್ವಂತದ್ದೊಂದು ಹೆಸರಿರಲಿ ಅಂತ ಕಳೆದ ತಿಂಗಳು ನನ್ನ ಹಳೇ ಡೊಮೈನಿನ ಸೆಟ್ಟಿಂಗ್ಸಿಗೆ ಕೈಹಾಕಿದೆ. ಅಲ್ಲಿದ್ದ ಸಾಲುಗಳೆಲ್ಲ ಕಸ ಅನ್ನಿಸಿ ಅಳಿಸಿಹಾಕಿ, ಬೇಕಾದ ಎರಡನ್ನು ಮಾತ್ರ ಬರೆದೆ. ಬ್ಲಾಗೇನೋ ಚೆನ್ನಾಗೇ ತೆರೆದುಕೊಂಡಿತು. ಐದು ದಿನ ಕಳೆದ ಮೇಲೆ ದೊಡ್ಡಮ್ಮನ ಮಗಳ ಫೋನು. “ಅಜ್ಜನ ಫೋಟೋ ಎಲ್ಲಾ ಸ್ಕ್ಯಾನ್ ಮಾಡಿ ಕಳ್ಸಿದ್ದೆ ಕಣೋ, ಮೇಲ್ ವಾಪಸ್ ಬಂತಲ್ಲ!” ನಾನು ಅಳಿಸಿದ್ದರಲ್ಲಿ ಎಂಎಕ್ಸ್ ಅನ್ನುವ ಸಾಲೂ ಇತ್ತು. ತಪ್ಪು ಪೂರ್ತಿ ನನ್ನದೇ. ಆದರೆ ಆ ಎರಡಕ್ಷರ ಎಲ್ಲಿಂದ ಬಂತು ಅಂತ ಕೆದಕಿದಾಗ ಸಿಕ್ಕ ಕಥೆ ಸ್ವಾರಸ್ಯವಾಗಿತ್ತು, ಅದಕ್ಕೇ ಇಲ್ಲಿ ಬರೀತಿದ್ದೀನಿ.

1970ರ ದಶಕದ ಆರ್ಪಾನೆಟ್ಟಿನಲ್ಲಿದ್ದ ಕಂಪ್ಯೂಟರುಗಳ ಹೆಸರು, ನಂಬರು ಎಲ್ಲಾ ಒಂದೇ ಒಂದು ಫೈಲಿನಲ್ಲಿ ಇರುತ್ತಿದ್ದವು. ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ ಅಂತ ಅದರ ಹೆಸರು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳಬೇಕು, ಊರಿನವರೆಲ್ಲ ಆ ಫೈಲನ್ನು ಮತ್ತೆ ಇಳಿಸಿಕೊಳ್ಳಬೇಕು. ಶ್ಯಾನುಭೋಗರ ಖಾತೆಪುಸ್ತಕ ಒಂದೇ, ಊರು ಮಾತ್ರ ಬೆಳೀತಾನೇ ಇದೆ!

ಇದಕ್ಕೊಂದು ದಾರಿ ಹುಡುಕು ಅಂತ ಜಾನ್ ಪೋಸ್ಟೆಲ್ ಹೇಳಿದ್ದು ಪಾಲ್ ಮೊಕಪೆಟ್ರಿಸ್‌ಗೆ. 1983ರ ನವೆಂಬರಿನಲ್ಲಿ ಆತ ಆರ್‌ಎಫ್‌ಸಿ 882 ಮತ್ತು 883 ಬರೆದ. ಪುಸ್ತಕವನ್ನು ಹರಿದು ಹಂಚಿದ ಅನ್ನಿ: ಅವರವರ ಹೆಸರಿನ ಲೆಕ್ಕ ಅವರವರೇ ಇಟ್ಟುಕೊಳ್ಳೋದು. ಪ್ರತಿ ಸಾಲಿಗೂ ಒಂದು ಜಾತಿ. ‘ಎ’ ಅಂದರೆ ಯಂತ್ರದ ನಂಬರು. ‘ಎನ್‌ಎಸ್’ ಅಂದರೆ ಈ ಹೆಸರಿನ ಲೆಕ್ಕ ಯಾರ ಹತ್ತಿರ ಇದೆ ಅನ್ನೋದು. ‘ಸಿನೇಮ್’ ಅಡ್ಡಹೆಸರು. ಯಂತ್ರ ಯಾವ ಮಾಡೆಲ್ಲು, ಯಾವ ಆಪರೇಟಿಂಗ್ ಸಿಸ್ಟಮ್ಮು ಅಂತ ಊರಿಗೆಲ್ಲ ಸಾರುವ ‘ಹೆಚ್‌ಇನ್ಫೋ’ ಕೂಡ ಇತ್ತು (ಬೀಗದ ಕಂಪನಿ ಯಾವುದು ಅಂತ ಬಾಗಿಲ ಮೇಲೇ ಬರೆದ ಹಾಗೆ. ಅವರದ್ದು ನಂಬಿಕೆಯ ಕಾಲ).

ಆದರೆ ಆ ಪಟ್ಟಿಯಲ್ಲಿ ಎಂಎಕ್ಸ್ ಇರಲೇ ಇಲ್ಲ! ಮೇಲ್‌ಗೆ ಇದ್ದದ್ದು ಎಂಡಿ ಮತ್ತು ಎಂಎಫ್ ಅಂತ ಎರಡು. ಮೇಲ್ ಕೊನೆಗೆ ಸೇರುವ ಯಂತ್ರ ಎಂಡಿ, ನಡುವೆ ಇಸಿದುಕೊಂಡು ಮುಂದಕ್ಕೆ ಕಳಿಸುವ ಯಂತ್ರ ಎಂಎಫ್. ಕಾಗದದ ಮೇಲೆ ಚೆನ್ನಾಗಿತ್ತು. ತೊಂದರೆ ಬಂದದ್ದು ಕ್ಯಾಶೆಯಿಂದ. ಒಮ್ಮೆ ಕೇಳಿದ ಉತ್ತರವನ್ನು ಸರ್ವರುಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವಲ್ಲ, ಅದರಲ್ಲಿ ಎಂಡಿ ಮಾತ್ರ ಉಳಿದಿದ್ದರೆ, ಎಂಎಫ್ ನಿಜಕ್ಕೂ ಇಲ್ಲವೋ ಅಥವಾ ಇವರಿಗೇ ಗೊತ್ತಿಲ್ಲವೋ ಅಂತ ಹೇಳೋದು ಹೇಗೆ?

1986ರ ಜನವರಿಯಲ್ಲಿ ಎರಡನ್ನೂ ಕೈಬಿಟ್ಟು ಎಂಎಕ್ಸ್ ತಂದರು. ಅದನ್ನು ಬಳಸುವ ರೀತಿಯನ್ನು ಆರ್‌ಎಫ್‌ಸಿ 974ರಲ್ಲಿ ಬರೆದದ್ದು ಕ್ರೇಗ್ ಪಾರ್ಟ್ರಿಜ್. ಒಂದೇ ಜಾತಿ, ಜೊತೆಗೊಂದು ಅಂಕೆ. 10 ಅಂತಿರುವ ಯಂತ್ರಕ್ಕೆ ಮೊದಲು ಕೊಡು, ಅದು ಬಾಗಿಲು ತೆಗೆಯದಿದ್ದರೆ 20ಕ್ಕೆ ಹೋಗು. ನನಗೆ ಇದರಲ್ಲಿ ಇಷ್ಟವಾದದ್ದು ಬೇರೆಯೇ. ಆಗ ಸಿಎಸ್‌ನೆಟ್ ಅಂತೊಂದು ಜಾಲವಿತ್ತು. ಆರ್ಪಾನೆಟ್ಟಿಗೆ ಸೇರಲು ಆಗದ ಎಷ್ಟೋ ಕಾಲೇಜುಗಳು ಅದರಲ್ಲಿ ಬರೀ ಟೆಲಿಫೋನ್ ಲೈನಿನ ಮೇಲೆ ಮೇಲ್ ತರಿಸಿಕೊಳ್ಳುತ್ತಿದ್ದವು. ಎಂಎಕ್ಸ್ ಬಂದ ಮೇಲೆ ನೆಟ್ಟಿಗೆ ನೇರವಾಗಿ ಸೇರದ ಯಂತ್ರವೂ ಮರ್ಯಾದೆಯಾಗಿ ಒಂದು ವಿಳಾಸ ಇಟ್ಟುಕೊಳ್ಳಬಹುದಾಯಿತು. ಪಕ್ಕದ ಮನೆಯವರ ಕೇರಾಫ್‌ನಲ್ಲಿ ಕಾಗದ ಬಂದ ಹಾಗೆ.

ಆಮೇಲೆ ಬಂದವು ಹಲವು. ಐಪಿವಿ6ರ ನಂಬರಿಗೆ 1995ರಲ್ಲಿ ‘ಎಎಎಎ’ ಬಂತು. ಹಳೇ ನಂಬರು 32 ಬಿಟ್ಟು, ಹೊಸದು 128, ಅಂದರೆ ನಾಲ್ಕರಷ್ಟು, ಅದಕ್ಕೇ ನಾಲ್ಕು ಎ.

ಇನ್ನು ನನ್ನ ವಿಷಯ. ಎಂಎಕ್ಸ್ ಇಲ್ಲದಿದ್ದರೆ ‘ಎ’ ಸಾಲಿನ ಯಂತ್ರಕ್ಕೇ ಮೇಲ್ ಕೊಡಬೇಕು ಅನ್ನುವ 1986ರ ನಿಯಮ ಇವತ್ತಿಗೂ ಇದೆ. ಹಾಗಾಗಿ ಅಜ್ಜನ ಫೋಟೋಗಳು ಬ್ಲಾಗಿನ ಸರ್ವರ್ ಬಾಗಿಲಿಗೆ ಹೋಗಿ ನಿಂತಿದ್ದವು. ಅದು ಮೇಲ್ ತೆಗೆದುಕೊಳ್ಳುವ ಯಂತ್ರವೇ ಅಲ್ಲ. ಐದು ದಿನ ಬಾಗಿಲು ತಟ್ಟಿ ತಟ್ಟಿ ವಾಪಸ್ಸಾದವು.

ಎಂಎಕ್ಸ್ ಮತ್ತೆ ಹಾಕಿದ್ದೀನಿ. ಅಕ್ಕ ಮಾತ್ರ ಈ ಸಲ ಪೆನ್ ಡ್ರೈವ್‌ನಲ್ಲೇ ಕೊಡ್ತೀನಿ, ಊರಿಗೆ ಬಂದಾಗ ತಗೊಂಡು ಹೋಗು ಅಂದಿದ್ದಾಳೆ.